ಬಾಯಾರಿಕೆಯ ದಿನಗಳಲ್ಲಿ ಓದಿದ ಕೀರ್ತನೆಗಳು

ಕಷ್ಟ ಬಂದಾಗ ದೇವರ ಮೇಲಿನ ನಂಬಿಕೆ ಗಟ್ಟಿಯಾಗುತ್ತದೆ ಅಂತ ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ನನಗೆ ಮೊದಲು ಹಾಗೆ ಆಗಲಿಲ್ಲ. ನಮ್ಮವರ ಎರಡೂ ಕಿಡ್ನಿ ಕೆಲಸ ನಿಲ್ಲಿಸಿವೆ ಅಂತ ಗೊತ್ತಾದ ಮೇಲೆ ನನಗೆ ಪ್ರಾರ್ಥನೆ ಮಾಡಲಿಕ್ಕೇ ಬರದಾಯಿತು. ರಾತ್ರಿ ಮೊಣಕಾಲೂರಿದರೆ ಬಾಯಿ ಬಿಡಲು ಆಗುತ್ತಿರಲಿಲ್ಲ. ಸಂಡೇ ಸ್ಕೂಲಿನಲ್ಲಿ ಬಾಯಿಪಾಠ ಮಾಡಿದ ವಚನಗಳೆಲ್ಲ ನೆನಪಿದ್ದವು. ಆದರೆ ಅವು ಬೇರೆ ಯಾರಿಗೋ ಬರೆದದ್ದು ಅನಿಸುತ್ತಿತ್ತು. ಅಲ್ಲಿಂದ ಇಲ್ಲಿಗೆ ಹೇಗೆ ಬಂದೆವು ಅಂತ ಬರೆಯಬೇಕು ಅಂತ ತುಂಬ ದಿನದಿಂದ ಮನಸ್ಸಿನಲ್ಲಿತ್ತು. ಕಾಯಿಲೆ ಗುಣವಾದ ಸಾಕ್ಷಿ ಇದರಲ್ಲಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮವರಿಗೆ ಇವತ್ತಿಗೂ ವಾರಕ್ಕೆ ಮೂರು ಸಲ ಡಯಾಲಿಸಿಸ್ ಆಗುತ್ತದೆ.

ನಾವು ಮಂಗಳೂರಿನವರು. ಬಾಸೆಲ್ ಮಿಶನ್ ಎಂಬ ಕ್ರೈಸ್ತ ಮಿಶನರಿ ಸಂಸ್ಥೆಯ ಕಾಲದಿಂದ ಬಂದ ಪ್ರೊಟೆಸ್ಟೆಂಟ್ ಕುಟುಂಬ. 1834ರಲ್ಲಿ ಮೂವರು ಮಿಶನರಿಗಳು ಇಲ್ಲಿಗೆ ಬಂದರು. ಆಮೇಲೆ ಶಾಲೆ ಬಂತು, 1841ರಲ್ಲಿ ಪ್ರೆಸ್ ಬಂತು, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಬಂತು. ಕ್ರೈಸ್ತರಾದರು ಅಂತ ಮನೆಯಿಂದ, ಜಾತಿಯಿಂದ ಹೊರಗಾದವರಿಗೆ ಆ ಕಾರ್ಖಾನೆಗಳೇ ಅನ್ನ ಕೊಟ್ಟದ್ದು. ನಮ್ಮವರ ಮುತ್ತಜ್ಜ ಹಂಚಿನ ಕಾರ್ಖಾನೆಯಲ್ಲಿದ್ದರು. ನಮ್ಮವರು ಒಂದು ಖಾಸಗಿ ಪ್ರೆಸ್ಸಿನಲ್ಲಿ ಆಫ್‌ಸೆಟ್ ಮೆಷಿನ್ ನಡೆಸುತ್ತಿದ್ದರು. ನಾನು ಮನೆಯಲ್ಲೇ ಬಟ್ಟೆ ಹೊಲಿಯುತ್ತೇನೆ. ಭಾನುವಾರ ಆರಾಧನೆ, ಬುಧವಾರ ಸ್ತ್ರೀಯರ ಕೂಟ, ವರ್ಷಕ್ಕೊಮ್ಮೆ ಬೆಳೆಹಬ್ಬದ ಏಲಂ. ನಂಬಿಕೆ ಎಂದರೆ ನಮಗೆ ಹುಟ್ಟಿದಾಗಿನಿಂದ ಮನೆಯಲ್ಲೇ ಇದ್ದ ಸಂಗತಿ. ಅದು ಒಂದು ದಿನ ಕೈಗೆ ಸಿಗದೆ ಹೋಗಬಹುದು ಅಂತ ಯೋಚನೆಯನ್ನೇ ಮಾಡಿರಲಿಲ್ಲ.

ನಮ್ಮವರಿಗೆ ಬಿಪಿ ಮೊದಲಿನಿಂದ ಇತ್ತು. ಕಾಲು ಊದಿಕೊಂಡಾಗ ನಿಂತು ಕೆಲಸ ಮಾಡಿದ್ದಕ್ಕೆ ಅಂದುಕೊಂಡೆವು. ಆಮೇಲೆ ವಾಂತಿ, ಊಟ ಸೇರದಿರುವುದು, ರಾತ್ರಿ ಮಲಗಿದರೆ ಉಬ್ಬಸ. ರಕ್ತ ಪರೀಕ್ಷೆ ಮಾಡಿಸಿದ ದಿನವೇ ಆಸ್ಪತ್ರೆಗೆ ಸೇರಿಸಿಕೊಂಡರು. ಕುತ್ತಿಗೆಗೆ ನಳಿಗೆ ಹಾಕಿ ಡಯಾಲಿಸಿಸ್ ಶುರು ಮಾಡಿದರು. ಸ್ವಲ್ಪ ಸಮಯದ ಮೇಲೆ ಎಡಗೈಯಲ್ಲಿ ಫಿಸ್ಟುಲಾ ಮಾಡಿದರು. ಅಂದರೆ ಒಂದು ಅಪಧಮನಿಯನ್ನೂ ಒಂದು ಅಭಿಧಮನಿಯನ್ನೂ ಸೇರಿಸಿ ಹೊಲಿಯುವುದು. ಅದು ಬಲಿತ ಮೇಲೆ ಅಲ್ಲಿಗೇ ಎರಡು ಸೂಜಿ ಚುಚ್ಚಿ, ರಕ್ತವನ್ನು ಮೆಷಿನಿಗೆ ತೆಗೆದು, ಶುದ್ಧ ಮಾಡಿ ವಾಪಸ್ ಬಿಡುತ್ತಾರೆ. ಒಂದು ಸಲಕ್ಕೆ ನಾಲ್ಕು ಗಂಟೆ. ಆ ಕೈಗೆ ಬೆರಳಿಟ್ಟರೆ ಒಳಗೆ ರಕ್ತ ಹರಿಯುವುದು ಬುರ್ ಅಂತ ತಾಗುತ್ತದೆ. ದಿನಾ ಬೆಳಿಗ್ಗೆ ಮುಟ್ಟಿ ನೋಡಬೇಕು. ಆ ಬುರ್ ನಿಂತರೆ ಫಿಸ್ಟುಲಾ ಕಟ್ಟಿಕೊಂಡಿದೆ ಅಂತ ಅರ್ಥ, ತಕ್ಷಣ ಓಡಬೇಕು. ಈಗಲೂ ನನ್ನ ಬೆಳಗು ಶುರುವಾಗುವುದು ಅವರ ಕೈ ಮುಟ್ಟಿಯೇ.

ಸೂಜಿಗಿಂತ ಕಷ್ಟದ್ದು ನೀರು. ಮೂತ್ರ ಹೋಗುವುದು ಬಹಳ ಕಡಿಮೆಯಾದ್ದರಿಂದ ಕುಡಿದದ್ದೆಲ್ಲ ದೇಹದಲ್ಲೇ ಉಳಿಯುತ್ತದೆ. ಶ್ವಾಸಕೋಶಕ್ಕೆ ನೀರು ತುಂಬಿದರೆ ಉಸಿರೇ ನಿಲ್ಲುವ ಹಾಗೆ ಆಗುತ್ತದೆ. ದಿನಕ್ಕೆ ಒಂದು ಲೀಟರಿಗಿಂತ ಕಡಿಮೆ ಅಂತ ಡಾಕ್ಟರು ಹೇಳಿದರು. ಅದರಲ್ಲೇ ಚಹಾ, ಸಾರು, ಗಂಜಿಯ ತಿಳಿ, ಮಾತ್ರೆ ನುಂಗುವ ನೀರು ಎಲ್ಲ ಬರಬೇಕು. ಮಂಗಳೂರಿನ ಏಪ್ರಿಲ್ ತಿಂಗಳ ಸೆಕೆ ಗೊತ್ತಲ್ಲ? ಆ ಸೆಕೆಯಲ್ಲಿ ಮನುಷ್ಯನೊಬ್ಬ ಒಂದು ಬಾಟಲಿಗೆ ಪೆನ್ನಿನಿಂದ ಗೆರೆ ಹಾಕಿಕೊಂಡು ಗುಟುಕು ಗುಟುಕಾಗಿ ಕುಡಿಯುವುದನ್ನು ನೋಡಿಕೊಂಡು ಇರಬೇಕು. ಸೀಯಾಳ ಬಿಟ್ಟೇಬಿಡಬೇಕಾಯಿತು, ಬಾಳೆಹಣ್ಣೂ ಬಿಡಬೇಕಾಯಿತು. ಅವುಗಳಲ್ಲಿ ಪೊಟ್ಯಾಸಿಯಂ ಜಾಸ್ತಿ, ಅದು ರಕ್ತದಲ್ಲಿ ಏರಿದರೆ ಹೃದಯಕ್ಕೆ ಅಪಾಯ. ತರಕಾರಿಯನ್ನು ಬೇಯಿಸಿ ನೀರು ಬಸಿದು ಚೆಲ್ಲಬೇಕು. ಅಂಗಳದಲ್ಲಿ ಎರಡು ತೆಂಗಿನ ಮರ ಇರುವ ಮನೆಯಲ್ಲಿ ಸೀಯಾಳ ವಿಷವಾಯಿತು.

ಇಷ್ಟಾದರೂ ನಾನು ಕುಸಿದಿರಲಿಲ್ಲ. ಕಿಡ್ನಿ ಕಸಿ ಮಾಡಿಸೋಣ, ನನ್ನದೇ ಒಂದು ಕೊಡುತ್ತೇನೆ ಅಂತ ಧೈರ್ಯ ಇತ್ತು. ಪರೀಕ್ಷೆಯಲ್ಲಿ ನಮ್ಮವರದು ಓ ಗುಂಪು, ನನ್ನದು ಬಿ. ಓ ಗುಂಪಿನವರ ಕಿಡ್ನಿ ಯಾವ ಗುಂಪಿನವರಿಗೂ ಹೊಂದಬಹುದು, ಆದರೆ ಅವರಿಗೆ ಸಾಮಾನ್ಯವಾಗಿ ಓ ಗುಂಪಿನದೇ ಆಗಬೇಕು. ನಮ್ಮವರ ತಮ್ಮ ಮುಂದೆ ಬಂದರು. ಅವರ ಗುಂಪು ಓ. ಎಲ್ಲರಿಗೂ ಜೀವ ಬಂತು. ಒಂದೊಂದೇ ಪರೀಕ್ಷೆ ದಾಟುತ್ತಾ ಹೋಗಿ ಕೊನೆಗೆ ಅವರಿಗೆ ಸಕ್ಕರೆ ಕಾಯಿಲೆ ಇರುವುದು ಗೊತ್ತಾಯಿತು. ಕೊಡುವ ಹಾಗಿಲ್ಲ ಅಂದರು. ಉಳಿದದ್ದು ಅಂಗದಾನ ನೋಡಿಕೊಳ್ಳುವ ಸರಕಾರದ ಸಂಸ್ಥೆ ಜೀವಸಾರ್ಥಕತೆಯಲ್ಲಿ ಹೆಸರು ಬರೆಸಿ ಕಾಯುವುದು. ಮೆದುಳು ನಿಷ್ಕ್ರಿಯವಾದ ಯಾರದೋ ಅಂಗವನ್ನು ಅವರ ಮನೆಯವರು ದಾನ ಮಾಡಿದಾಗ ಸರತಿ ಪ್ರಕಾರ ಸಿಗುತ್ತದೆ. ಹೆಸರು ಬರೆಸಿ ಬಂದ ರಾತ್ರಿ ನನಗೆ ಬೇಸರಕ್ಕಿಂತ ಹೆಚ್ಚಾಗಿ ಹೆದರಿಕೆ ಆದದ್ದು ಒಂದು ಯೋಚನೆಯಿಂದ. ಯಾವ ಹೆಂಗಸಿನ ಗಂಡ ಸತ್ತರೆ ನನ್ನ ಗಂಡ ಬದುಕುವುದು? ಇದಕ್ಕೆ ದೇವರಲ್ಲಿ ಏನಂತ ಬೇಡುವುದು? ಪ್ರಾರ್ಥನೆ ನಿಂತದ್ದು ಅಲ್ಲಿಗೆ.

ಆ ಸಮಯದಲ್ಲೇ ದೂರದ ಸಂಬಂಧಿಕರು ಒಬ್ಬ ಬೋಧಕರನ್ನು ಮನೆಗೆ ಕರೆತಂದರು. ನಮ್ಮ ಸಭೆಯವರಲ್ಲ. ತಲೆಯ ಮೇಲೆ ಕೈಯಿಟ್ಟು ದೊಡ್ಡ ಸ್ವರದಲ್ಲಿ ಪ್ರಾರ್ಥನೆ ಮಾಡಿದರು. ಹೋಗುವಾಗ, ಮನೆಯಲ್ಲಿ ಯಾವುದೋ ಒಪ್ಪಿಕೊಳ್ಳದ ಪಾಪ ಉಂಟು, ನಂಬಿಕೆ ಪೂರ್ತಿ ಇದ್ದರೆ ಮೆಷಿನ್ ಬೇಡ ಅಂದರು. ನಮ್ಮವರು ಮುಖ ಗೋಡೆಯ ಕಡೆ ತಿರುಗಿಸಿ ಮಲಗಿದರು. ಈ ಮಾತು ಎಷ್ಟು ಕ್ರೂರ ಅಂತ ಹೇಳಿದವರಿಗೆ ಗೊತ್ತಿರಲಿಲ್ಲ ಅಂತಲೇ ನಂಬುತ್ತೇನೆ. ಆದರೆ ಕಾಯಿಲೆಯವರ ಮನೆಗೆ ಹೋಗುವ ಎಲ್ಲ ವಿಶ್ವಾಸಿಗಳೂ ಬೈಬಲಿನ ಯೋಬನ ಪುಸ್ತಕವನ್ನು ಕೊನೆಯವರೆಗೆ ಓದಿಕೊಂಡು ಹೋಗಬೇಕು ಅಂತ ನನ್ನ ಆಸೆ. ಯೋಬ ಅಂದರೆ ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳೆದುಕೊಂಡವನು. ಅವನ ಸ್ನೇಹಿತರು ಮೊದಲ ಏಳು ದಿನ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕೂತಿದ್ದರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ತೆರೆದ ಮೇಲೆ, ನಿನ್ನ ಪಾಪಕ್ಕೇ ಇದು ಅಂತ ವಾದ ಮಾಡಿದರು. ಕೊನೆಯ ಅಧ್ಯಾಯದಲ್ಲಿ ದೇವರಿಗೆ ಸಿಟ್ಟು ಬರುವುದು ಆ ಸ್ನೇಹಿತರ ಮೇಲೆ. ದೇವರ ಹತ್ತಿರವೇ ನ್ಯಾಯ ಕೇಳಿ ಕೂಗಾಡಿದ ಯೋಬನನ್ನು ಆತನು ತನ್ನ ದಾಸ ಅಂತ ಕರೆಯುತ್ತಾನೆ. ಹುಟ್ಟುಕುರುಡನನ್ನು ನೋಡಿ, ಪಾಪ ಮಾಡಿದ್ದು ಇವನೋ ಇವನ ತಂದೆತಾಯಿಯೋ ಅಂತ ಶಿಷ್ಯರು ಕೇಳಿದಾಗ ಯೇಸು ಇಬ್ಬರೂ ಅಲ್ಲ ಅಂದದ್ದು ಯೋಹಾನನ ಒಂಬತ್ತನೆಯ ಅಧ್ಯಾಯದಲ್ಲಿ ಸ್ಪಷ್ಟವಾಗಿದೆ. ಇದೆಲ್ಲ ನಾನು ಆಮೇಲೆ ಓದಿ ತಿಳಿದದ್ದು. ಆ ದಿನ ನನ್ನಲ್ಲಿ ಉತ್ತರ ಇರಲಿಲ್ಲ.

ಭಾನುವಾರ ದೇವಾಲಯಕ್ಕೆ ಹೋಗುವುದನ್ನು ಬಿಟ್ಟೆ. ಹಾಡುಗಳು ಶುರುವಾದರೆ ಗಂಟಲು ಕಟ್ಟುತ್ತಿತ್ತು. ಯಾರೂ ಬೈಯಲಿಲ್ಲ. ಸ್ತ್ರೀಯರ ಕೂಟದವರು ತಮ್ಮೊಳಗೇ ಮಾತಾಡಿಕೊಂಡು, ಡಯಾಲಿಸಿಸ್ ಇರುವ ದಿನ ಮಧ್ಯಾಹ್ನದ ಊಟ ನಮ್ಮ ಮನೆಗೆ ತರುವುದು ಅಂತ ಪಾಳಿ ಮಾಡಿಕೊಂಡಿದ್ದರು. ಉಪ್ಪು ಎಷ್ಟು, ತರಕಾರಿ ಹೇಗೆ ಬೇಯಿಸಬೇಕು ಅಂತ ಕೇಳಿ ಬರೆದುಕೊಂಡು ಹೋದರು. ಪಕ್ಕದ ಬೀದಿಯ ಅತ್ತೆ ಒಬ್ಬರು, ಎಂಬತ್ತು ದಾಟಿದವರು, ಬಾಗಿಲಲ್ಲೇ ನಿಂತು ಹೇಳಿದರು, “ನಿನಗೆ ಈಗ ಪ್ರಾರ್ಥನೆ ಬರುದಿಲ್ಲ ಅಂತ ಗೊತ್ತುಂಟು ಮಗಾ. ಅದು ನಾವು ಮಾಡ್ತೇವೆ. ನೀನು ಗಂಡನನ್ನು ನೋಡಿಕೋ.”

ಈ ಮಾತು ನನ್ನೊಳಗೆ ಕೂತಿತು. ಮಾರ್ಕನ ಸುವಾರ್ತೆಯಲ್ಲಿ ಪಾರ್ಶ್ವವಾಯು ರೋಗಿಯನ್ನು ನಾಲ್ಕು ಜನ ಹೊತ್ತುಕೊಂಡು ಬಂದು, ಜನ ತುಂಬಿದ್ದರಿಂದ ಮಾಳಿಗೆ ತೆಗೆದು ಹಾಸಿಗೆಯನ್ನೇ ಇಳಿಸುತ್ತಾರಲ್ಲ. ಅಲ್ಲಿ ಯೇಸು ನೋಡಿದ್ದು ‘ಅವರ’ ನಂಬಿಕೆಯನ್ನು ಅಂತ ಬರೆದಿದೆ. ಮಲಗಿದ್ದವನು ಒಂದು ಮಾತೂ ಆಡಿರಲಿಲ್ಲ. ಸಭೆ ಅಂತ ಒಂದು ಇರುವುದು ಇದಕ್ಕೇ ಅಂತ ನನಗೆ ಈಗ ಅನಿಸುತ್ತದೆ. ಒಬ್ಬರಿಗೆ ನಂಬಲು ಆಗದ ದಿನ ಇನ್ನೊಬ್ಬರು ಅವರ ಪಾಲಿನದನ್ನೂ ನಂಬಬೇಕು.

ನಮ್ಮ ಸಭಾಪಾಲಕರು ಬಂದದ್ದು ಒಂದು ಸಂಜೆ. ಕರ್ತನ ಭೋಜನವನ್ನು, ಅಂದರೆ ಯೇಸುವಿನ ನೆನಪಿಗೆ ಕೊಡುವ ರೊಟ್ಟಿ ಮತ್ತು ದ್ರಾಕ್ಷಾರಸವನ್ನು, ಮನೆಗೇ ತಂದಿದ್ದರು. ನಮ್ಮವರಿಗೆ ರೊಟ್ಟಿಯನ್ನು ರಸದಲ್ಲಿ ಅದ್ದಿ ಕೊಟ್ಟರು, ನೀರಿನ ಲೆಕ್ಕ ಅವರಿಗೂ ಗೊತ್ತಿತ್ತು. ನಾನು ಅಡುಗೆ ಮನೆಯಲ್ಲಿ ನಿಂತು, “ಅಯ್ಯನವರೇ, ನನಗೆ ದೇವರ ಹತ್ತಿರ ಮಾತಾಡಲಿಕ್ಕೆ ಏನೂ ಇಲ್ಲ, ಸಿಟ್ಟು ಮಾತ್ರ ಉಂಟು” ಅಂದೆ. ಅವರು ಬುದ್ಧಿ ಹೇಳುತ್ತಾರೆ ಅಂದುಕೊಂಡೆ. ಅವರು ಕೇಳಿದ್ದು, “ಮಧ್ಯಾಹ್ನ ಊಟ ಮಾಡಿದ್ದೀರಾ? ರಾತ್ರಿ ಎಷ್ಟು ಗಂಟೆ ಮಲಗ್ತೀರಿ?”

ಆಮೇಲೆ ಎಲೀಯನ ಕಥೆ ನೆನಪಿಸಿದರು. ಒಂದನೆಯ ಅರಸುಗಳು, ಹತ್ತೊಂಬತ್ತನೆಯ ಅಧ್ಯಾಯ. ಅಷ್ಟು ದೊಡ್ಡ ಪ್ರವಾದಿ ಅಡವಿಯಲ್ಲಿ ಒಂದು ಗಿಡದ ಕೆಳಗೆ ಕೂತು, ಸಾಕು, ನನ್ನ ಪ್ರಾಣ ತೆಗೆದುಕೋ ಅನ್ನುತ್ತಾನೆ. ದೇವದೂತನು ಬಂದು ಅವನಿಗೆ ಉಪದೇಶ ಮಾಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ಕುಡಿಕೆ ನೀರು ಇಟ್ಟು, ಎದ್ದು ತಿನ್ನು ಅಂದ. ಎಲೀಯ ತಿಂದು ಮತ್ತೆ ಮಲಗಿದ. ದೂತ ಎರಡನೇ ಸಲವೂ ಎಬ್ಬಿಸಿ ತಿನ್ನಿಸಿದ, ನಡೆಯಬೇಕಾದ ದಾರಿ ಜಾಸ್ತಿ ಉಂಟು ಅಂತ. ದೇವರ ಸ್ವರ ಕೇಳಿದ್ದು ಅದಾಗಿ ಎಷ್ಟೋ ದಿನದ ಮೇಲೆ, ಹೋರೇಬ್ ಬೆಟ್ಟದಲ್ಲಿ. “ನೀವು ಈಗ ಗಿಡದ ಕೆಳಗಿದ್ದೀರಿ ಅಮ್ಮ. ಊಟ, ನಿದ್ದೆ ಮಾಡಿ” ಅಂದರು. “ಸಿಟ್ಟು ಉಂಟು ಅಂದಿರಲ್ಲ, ಅದನ್ನೇ ಹೇಳಿ ದೇವರಿಗೆ. ಹೇಳಲಿಕ್ಕೆ ಮಾತು ಸಿಗದಿದ್ದರೆ ಕೀರ್ತನೆಗಳಿಂದ ತೆಗೆದುಕೊಳ್ಳಿ. ಹದಿಮೂರರಿಂದ ಶುರು ಮಾಡಿ.”

ಕೀರ್ತನೆಗಳು ಅಂದರೆ ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ಇರುವ ಪ್ರಾರ್ಥನೆಯ ಹಾಡುಗಳು. ಹದಿಮೂರನೆಯ ಕೀರ್ತನೆ ಆರೇ ವಚನ. ನನಗೆ ಗೊತ್ತಿದ್ದದ್ದು ಇಪ್ಪತ್ತಮೂರು, ‘ಯೆಹೋವನು ನನಗೆ ಕುರುಬನು.’ ಅದು ಎಲ್ಲರಿಗೂ ಬಾಯಿಗೆ ಬರುತ್ತದೆ. ಹದಿಮೂರನ್ನು ನಾನು ಸರಿಯಾಗಿ ಓದಿಯೇ ಇರಲಿಲ್ಲ. ಅದರ ಮೊದಲ ಎರಡೇ ವಚನಗಳಲ್ಲಿ ನಾಲ್ಕು ಸಲ ‘ಇನ್ನೆಷ್ಟರವರೆಗೆ’ ಅಂತ ಕೇಳುತ್ತದೆ. ಇನ್ನೆಷ್ಟರವರೆಗೆ ನನ್ನನ್ನು ಮರೆತಿರುತ್ತೀ, ಇನ್ನೆಷ್ಟರವರೆಗೆ ಮುಖ ಮರೆಮಾಡುತ್ತೀ. ಡಯಾಲಿಸಿಸ್ ಕೋಣೆಯ ಹೊರಗಿನ ಬೆಂಚಿನಲ್ಲಿ ಕೂತು ಅದನ್ನು ಓದಿದಾಗ ಮೈ ಜುಮ್ಮೆಂದಿತು. ನಾನು ಹೇಳಲು ಹೆದರುತ್ತಿದ್ದ ಮಾತು ಸತ್ಯವೇದದ ಒಳಗೇ ಇದೆ! ಮೂರು ಸಾವಿರ ವರ್ಷಗಳ ಹತ್ತಿರ ಜನ ಅದನ್ನು ದೇವರ ಮುಂದೆ ಹಾಡಿದ್ದಾರೆ. ದೇವರು ಅದನ್ನು ಕೇಳಿ ಯಾರನ್ನೂ ಹೊರಗೆ ಹಾಕಿಲ್ಲ.

ಅಲ್ಲಿಂದ ಬೆಂಚಿನ ಓದು ಶುರುವಾಯಿತು. ನಾಲ್ಕು ಗಂಟೆ ಕಾಯುವುದು ಇದ್ದೇ ಇತ್ತು. ನೂರೈವತ್ತು ಕೀರ್ತನೆಗಳಲ್ಲಿ ಸುಮಾರು ಮೂರನೇ ಒಂದು ಭಾಗ ಗೋಳಿನವು, ದೂರಿನವು ಅಂತ ಅಯ್ಯನವರು ಹೇಳಿದ್ದರು. ಓದುತ್ತಾ ಹೋದರೆ ನಿಜ ಅಂತ ಗೊತ್ತಾಗುತ್ತದೆ. ಹೆಚ್ಚಿನವು ದೂರಿನಿಂದ ಶುರುವಾಗಿ, ಬೇಡಿಕೆಗೆ ಬಂದು, ಎಲ್ಲೋ ಒಂದು ಕಡೆ ‘ಆದರೂ ನಾನು ನಿನ್ನಲ್ಲಿ ಭರವಸವಿಟ್ಟಿದ್ದೇನೆ’ ಅಂತ ತಿರುಗುತ್ತವೆ. ಮೊದಮೊದಲು ಆ ತಿರುವು ನನಗೆ ಬೇಕಾಗಿರಲಿಲ್ಲ. ದೂರಿನ ಭಾಗ ಮಾತ್ರ ಓದಿ ನಿಲ್ಲಿಸುತ್ತಿದ್ದೆ. ಎಂಬತ್ತೆಂಟನೆಯದು ನನಗೆ ಬಹಳ ಹತ್ತಿರವಾಯಿತು. ಅದು ತಿರುಗುವುದೇ ಇಲ್ಲ. ಕತ್ತಲೆ ಎಂಬ ಮಾತಿನಲ್ಲೇ ಮುಗಿಯುತ್ತದೆ. ಅಂಥದ್ದನ್ನೂ ಯಾರೂ ಕಿತ್ತುಹಾಕದೆ ಪ್ರಾರ್ಥನೆ ಅಂತ ಉಳಿಸಿಕೊಂಡಿದ್ದಾರಲ್ಲ, ಅದೇ ನನಗೆ ದೊಡ್ಡ ಸಮಾಧಾನ. ಬೆಳಕು ಕಾಣದ ದಿನವೂ ಆತನ ಹೆಸರು ಹಿಡಿದು ಕೂಗಿದರೆ ಅದು ಪ್ರಾರ್ಥನೆಯೇ.

ಒಂದು ನೋಟ್‌ಬುಕ್ ಇಟ್ಟುಕೊಂಡೆ. ಆ ದಿನ ಮನಸ್ಸಿಗೆ ತಾಗಿದ ವಚನವನ್ನು ಕೈಯಲ್ಲಿ ಬರೆಯುವುದು, ಕೆಳಗೆ ನನ್ನ ಮಾತಿನಲ್ಲಿ ಅದನ್ನೇ ಹೇಳುವುದು. ‘ಪೊಟ್ಯಾಸಿಯಂ ಮತ್ತೆ ಏರಿದೆ, ನೀನು ಎಲ್ಲಿದ್ದೀ?’ ‘ಔಷಧಿ ಅಂಗಡಿಯ ಸಾಲ ತೀರಿಲ್ಲ, ನೋಡುತ್ತಿದ್ದೀಯಾ?’ ಆಯುಷ್ಮಾನ್ ಕಾರ್ಡಿನಲ್ಲಿ ಡಯಾಲಿಸಿಸ್ ನಡೆಯುತ್ತಿತ್ತು. ಆದರೆ ನಮಗೆ ಹೊರಗಿನ ಇಂಜೆಕ್ಷನ್, ಮಾತ್ರೆ, ಆಟೋ ಬಾಡಿಗೆ ಎಲ್ಲ ನನ್ನ ಹೊಲಿಗೆಯಿಂದಲೇ ಆಗಬೇಕಿತ್ತು. ಪ್ರೆಸ್ಸಿನ ಕೆಲಸ ಹೋಗಿತ್ತು. ಇದನ್ನೆಲ್ಲ ಬರೆದೆ. ಬರೆದು ಮುಗಿದಾಗ ಏನೂ ಬದಲಾಗಿರುತ್ತಿರಲಿಲ್ಲ. ಆದರೆ ಎದುರಿಗೆ ಯಾರೋ ಕೂತು ಕೇಳಿದರು ಅನ್ನುವುದು ಮಾತ್ರ ನಿಧಾನಕ್ಕೆ, ಬಹಳ ನಿಧಾನಕ್ಕೆ, ಗೊತ್ತಾಗತೊಡಗಿತು. ನನಗೆ ಯಾವ ದರ್ಶನವೂ ಆಗಲಿಲ್ಲ. ಒಂದು ದಿನ ಬರೆಯುತ್ತಾ ‘ನೀನು’ ಅನ್ನುವಾಗ ಕೈ ಹಗುರವಾಗಿತ್ತು, ಅಷ್ಟೇ. ನನ್ನ ಪ್ರಾರ್ಥನೆ ಮರಳಿ ಬಂದಿತ್ತು.

ಅದೇ ಬೆಂಚಿನಲ್ಲಿ ಒಬ್ಬ ಬ್ಯಾರಿ, ಅಂದರೆ ನಮ್ಮ ಕರಾವಳಿಯ ಮುಸ್ಲಿಂ, ಹೆಂಗಸು ಕೂರುತ್ತಿದ್ದರು. ಅವರ ಮಗನಿಗೆ ಡಯಾಲಿಸಿಸ್, ಇನ್ನೂ ಮದುವೆಯಾಗದ ಹುಡುಗ. ಅವರು ತಸ್ಬೀಹ್ ಅನ್ನುವ ಜಪಮಣಿ ಹಿಡಿದು ಕೂತರೆ ನಾನು ಸತ್ಯವೇದ ಹಿಡಿದು ಕೂರುತ್ತಿದ್ದೆ. ಒಂದು ದಿನ ಅವರೇ ಕೇಳಿದರು, “ಅಕ್ಕ, ನಿಮ್ಮಲ್ಲಿ ಅಯ್ಯೂಬ್ ನೆಬಿ ಉಂಟಾ?” ಉಂಟು, ನಾವು ಯೋಬ ಅನ್ನುತ್ತೇವೆ ಅಂದೆ. ಅವರು ತಮ್ಮ ಅಯ್ಯೂಬರ ತಾಳ್ಮೆಯ ಕಥೆ ಹೇಳಿದರು, ನಾನು ನಮ್ಮ ಯೋಬನ ಜಗಳದ ಕಥೆ ಹೇಳಿದೆ. “ಜಗಳ ಮಾಡಿದ್ದಾ? ದೇವರ ಹತ್ತಿರ?” ಅಂತ ಅವರಿಗೆ ಆಶ್ಚರ್ಯ. ನನಗೆ ಅವರ ಅಯ್ಯೂಬರ ಸಹನೆ ಬೇಕಾಗಿತ್ತು. ನಮ್ಮ ದಾರಿ ಬೇರೆ ಬೇರೆ ಅಂತ ಇಬ್ಬರಿಗೂ ಗೊತ್ತಿತ್ತು. ನಾನು ಕ್ರಿಸ್ತನನ್ನು ನಂಬಿದವಳು, ಅದನ್ನು ಮುಚ್ಚಿಟ್ಟೂ ಇಲ್ಲ. ಆದರೂ ಅವರ ಮಗನಿಗೆ ಮೆಷಿನ್ ಮೇಲೆ ಬಿಪಿ ಇಳಿದು ಗಲಾಟೆಯಾದ ದಿನ ನಾವಿಬ್ಬರೂ ಕೈ ಹಿಡಿದುಕೊಂಡೇ ಕೂತಿದ್ದೆವು.

ಇಷ್ಟು ಹೊತ್ತು ನನ್ನ ವಿಷಯವೇ ಆಯಿತು. ನಮ್ಮವರು ಇನ್ನೂ ಗೋಡೆಗೆ ಮುಖ ಮಾಡಿಯೇ ಇದ್ದರು. ನಾನು ಓದಿ ಹೇಳಿದರೆ ಕೇಳುತ್ತಿದ್ದರು, ಮಾತಾಡುತ್ತಿರಲಿಲ್ಲ. ಅವರು ತಿರುಗಿದ್ದು ಒಂದು ಶುಭ ಶುಕ್ರವಾರ.

ಅವರ ಡಯಾಲಿಸಿಸ್ ಮಂಗಳವಾರ, ಗುರುವಾರ, ಶನಿವಾರ. ಶುಕ್ರವಾರ ಬಿಡುವು. ದೇವಾಲಯಕ್ಕೆ ಬರುತ್ತೇನೆ ಅಂತ ಅವರೇ ಹೇಳಿದಾಗ ನನಗೆ ನಂಬಲಾಗಲಿಲ್ಲ. ನಮ್ಮಲ್ಲಿ ಆ ದಿನ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಆರಾಧನೆ. ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳ ಮೇಲೆ ಏಳು ಪ್ರಸಂಗ, ನಡುವೆ ಹಾಡು, ಪ್ರಾರ್ಥನೆ. ಏಪ್ರಿಲ್ ತಿಂಗಳು. ಫ್ಯಾನ್ ತಿರುಗಿದರೂ ಬಿಸಿ ಗಾಳಿ. ಬಾಟಲಿಯಲ್ಲಿ ಆ ಹೊತ್ತಿಗೆ ಅವರ ಪಾಲಿನ ನೀರು ಎರಡು ಗುಟುಕು ಮಾತ್ರ ಇತ್ತು. ನಾಲ್ಕನೆಯ ಮಾತು, ‘ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟಿದ್ದೀ?’ ಅದು ಇಪ್ಪತ್ತೆರಡನೆಯ ಕೀರ್ತನೆಯ ಮೊದಲ ಸಾಲು. ಯೇಸು ಸಾಯುವ ಹೊತ್ತಿನಲ್ಲಿ ಸ್ವಂತ ಮಾತು ಹುಡುಕಲಿಲ್ಲ, ಗೋಳಿನ ಕೀರ್ತನೆಯ ಮಾತನ್ನೇ ಹಿಡಿದುಕೊಂಡನು. ನಾನು ಬೆಂಚಿನಲ್ಲಿ ಮಾಡುತ್ತಿದ್ದದ್ದೂ ಅದೇ ಅಂತ ಯೋಚಿಸುತ್ತಿರುವಾಗಲೇ ಐದನೆಯ ಮಾತು ಬಂತು. ‘ನನಗೆ ನೀರಡಿಕೆಯಾಗಿದೆ.’

ಪಕ್ಕದಲ್ಲಿ ನಮ್ಮವರು ತಲೆ ತಗ್ಗಿಸಿ ಅಳುತ್ತಿದ್ದರು. ಕಾಯಿಲೆ ಗೊತ್ತಾದ ದಿನವೂ ಅತ್ತಿರಲಿಲ್ಲ.

ವಾಪಸ್ ಬರುವಾಗ ಆಟೋದಲ್ಲಿ ಹೇಳಿದರು, “ಏಳು ಮಾತಿನಲ್ಲಿ ಒಂದು ಮಾತು ಬರೀ ನೀರಿಗೆ. ಯೋಹಾನ ಅದನ್ನೂ ಬಿಡದೆ ಬರೆದಿದ್ದಾನೆ ನೋಡು.” ಸ್ವಲ್ಪ ಹೊತ್ತು ಬಿಟ್ಟು, “ಸಣ್ಣದರಿಂದ ಕೇಳಿದ್ದೇನೆ. ಇವತ್ತೇ ಕಿವಿಗೆ ಬಿದ್ದದ್ದು” ಅಂದರು. ಮನೆಗೆ ಬಂದು ಆ ಎರಡು ಗುಟುಕು ಕುಡಿಯುವ ಮೊದಲು ಕಣ್ಣು ಮುಚ್ಚಿದರು. ಕರ್ತನಿಗೆ ಬಾಯಾರಿಕೆ ಎಂದರೆ ಏನು ಅಂತ ಗೊತ್ತು. ಒಣಗಿದ ನಾಲಿಗೆ, ಅಂಟಿಕೊಳ್ಳುವ ತುಟಿ, ಹುಳಿರಸದಲ್ಲಿ ಅದ್ದಿದ ಸ್ಪಂಜು. ನಮ್ಮ ದೇವರು ಕಷ್ಟವನ್ನು ಮೇಲಿನಿಂದ ನೋಡಿ ಕನಿಕರಪಟ್ಟವನಲ್ಲ, ಅದರೊಳಗೆ ಇಳಿದು ಒಣಗಿದವನು. ಇದನ್ನು ಪ್ರಸಂಗದಲ್ಲಿ ಎಷ್ಟೋ ಸಲ ಕೇಳಿದ್ದೆವು. ಡಯಾಲಿಸಿಸ್ ಮನುಷ್ಯನೊಬ್ಬ ಅದನ್ನು ಗಂಟಲಿನಿಂದ ತಿಳಿದುಕೊಂಡ.

ಮರುದಿನ ಮೆಷಿನ್. ಅದರ ಮರುದಿನ ಪಾಸ್ಖ, ಅಂದರೆ ಈಸ್ಟರ್. ನಮ್ಮ ಸಭೆಯಲ್ಲಿ ಪುನರುತ್ಥಾನದ ಆರಾಧನೆ ಬೆಳಕು ಹರಿಯುವ ಮೊದಲೇ ಸ್ಮಶಾನದಲ್ಲಿ ನಡೆಯುತ್ತದೆ. ಸಮಾಧಿಗಳನ್ನು ಹಿಂದಿನ ದಿನವೇ ಗುಡಿಸಿ ಹೂವಿಟ್ಟಿರುತ್ತಾರೆ. ಶನಿವಾರದ ಡಯಾಲಿಸಿಸ್ ಆದರೆ ಅವರು ಏಳುವುದೇ ತಡ, ಮೈಯಲ್ಲಿ ಶಕ್ತಿ ಇರುವುದಿಲ್ಲ. ಆದರೂ ಹೊರಟರು. ಯುವಕರ ಕೂಟದ ಇಬ್ಬರು ಹುಡುಗರು ಒಂದು ಕುರ್ಚಿ ತಂದು ಅವರ ತಂದೆತಾಯಿಯ ಸಮಾಧಿಯ ಪಕ್ಕದಲ್ಲೇ ಹಾಕಿದರು. ಸತ್ತವರ ನಡುವೆ ನಿಂತು ‘ಆತನು ಎದ್ದಿದ್ದಾನೆ’ ಅಂತ ಹೇಳುವಾಗ, ಸಾವು ನಮ್ಮ ಮನೆಯ ಬಾಗಿಲಲ್ಲೇ ಇದೆ ಅಂತ ಗೊತ್ತಿರುವವರಿಗೆ ಆ ಮಾತು ಬೇರೆಯೇ ತೂಕದ್ದು. ಡಯಾಲಿಸಿಸ್ ಶುರುವಾದಂದಿನಿಂದ ನಾನು ಹೆದರಿ ನೋಡದೆ ಇದ್ದದ್ದು ಒಂದೇ ವಿಷಯ, ಇವರು ಇಲ್ಲದ ದಿನ. ಆ ಬೆಳಿಗ್ಗೆ ಮೊದಲ ಸಲ ಅದನ್ನು ನೋಡಿದೆ. ಹೆದರಿಕೆ ಹೋಗಲಿಲ್ಲ. ಅದರ ಆಚೆಗೂ ಕರ್ತನು ಇದ್ದಾನೆ ಅನ್ನುವುದು ಗಟ್ಟಿಯಾಯಿತು. ನಾನು ಭರವಸೆ ಅಂತ ಕರೆಯುವುದು ಇದನ್ನು. ಕಿಡ್ನಿ ಸಿಕ್ಕೇ ಸಿಗುತ್ತದೆ ಅನ್ನುವುದಕ್ಕೆ ನಾನು ಆ ಹೆಸರು ಕೊಡುವುದಿಲ್ಲ. ಸಿಗಲಿ ಅಂತ ದಿನಾ ಬೇಡುತ್ತೇನೆ. ಕೊಡುವ ಮನೆಯವರಿಗಾಗಿ, ಅವರ ದುಃಖಕ್ಕಾಗಿ ಕೂಡ ಈಗಿನಿಂದಲೇ ಬೇಡುತ್ತೇನೆ. ಏನಂತ ಬೇಡುವುದು ಅಂತ ತಿಳಿಯದಿದ್ದಾಗ ಆತ್ಮನು ತಾನೇ ಮಾತಿಲ್ಲದ ನರಳಾಟದಿಂದ ನಮಗಾಗಿ ಬೇಡುತ್ತಾನೆ ಅಂತ ಪೌಲನು ರೋಮಾಪುರದವರಿಗೆ ಬರೆದದ್ದು ಎಂಟನೆಯ ಅಧ್ಯಾಯದಲ್ಲಿದೆ. ಆ ರಾತ್ರಿಯ ನನ್ನ ಪ್ರಶ್ನೆಗೆ ನನಗೆ ಸಿಕ್ಕ ಉತ್ತರ ಅಷ್ಟು. ಅದು ನನಗೆ ಸಾಕು.

ಭಾನುವಾರ ಮತ್ತೆ ಹಾಡಲು ಆಗುತ್ತದೆ. ನಮ್ಮ ಸಂಗೀತ ಪುಸ್ತಕದಲ್ಲಿ ಜರ್ಮನ್ ರಾಗದ ಹಾಡುಗಳು ತುಂಬಾ ಇವೆ. ಮಾರ್ಟಿನ್ ರಿಂಕಾರ್ಟ್ ಅನ್ನುವ ಸಭಾಪಾಲಕರ ಬಗ್ಗೆ ನಮ್ಮ ಆರ್ಗನ್ ಬಾರಿಸುವವರು ಹೇಳಿದ್ದರು. ಜರ್ಮನಿಯ ಐಲೆನ್‌ಬುರ್ಗ್ ಊರಿನವರು. ಮೂವತ್ತು ವರ್ಷಗಳ ಯುದ್ಧದ ಕಾಲ. 1637ರಲ್ಲಿ ಅಲ್ಲಿಗೆ ಪ್ಲೇಗ್ ಬಂದು, ಅವರು ಸಾವಿರಾರು ಜನರನ್ನು ಹೂಳಿದರು, ಅವರ ಹೆಂಡತಿಯೂ ಆ ವರ್ಷವೇ ಹೋದರು. ದೇವರಿಗೆ ಸ್ತೋತ್ರ ಹೇಳುವ, ಇವತ್ತಿಗೂ ಲೋಕದ ತುಂಬ ಸಭೆಗಳು ಹಾಡುವ ಒಂದು ಹಾಡು ಅವರದು. ಮೊದಲು ಇಂಥ ಕಥೆ ಕೇಳಿದರೆ, ಅವರು ದೊಡ್ಡವರು, ನಮಗೆ ಆಗುವುದಲ್ಲ ಅನಿಸುತ್ತಿತ್ತು. ಈಗ ಅನಿಸುವುದು ಬೇರೆ. ಅವರೂ ಮೊದಲು ಅತ್ತಿರಬೇಕು, ಅವರ ಪಾಲಿನ ಪ್ರಾರ್ಥನೆಯನ್ನೂ ಯಾರೋ ಮಾಡಿರಬೇಕು ಅಲ್ವಾ?

ಕಷ್ಟದಲ್ಲಿರುವ ಯಾರಾದರೂ ಇದನ್ನು ಓದುತ್ತಿದ್ದರೆ, ನನಗೆ ಉಪಯೋಗ ಆದದ್ದನ್ನು ಮಾತ್ರ ಹೇಳುತ್ತೇನೆ. ಸಂತೋಷದ ವಚನಗಳಿಂದ ಶುರು ಮಾಡಬೇಡಿ. ಹದಿಮೂರು, ನಲವತ್ತೆರಡು, ಎಂಬತ್ತೆಂಟು, ನೂರಮೂವತ್ತು, ಇವುಗಳನ್ನು ಗಟ್ಟಿಯಾಗಿ ಓದಿ. ನಲವತ್ತೆರಡರಲ್ಲಿ ಬಾಯಾರಿದ ಜಿಂಕೆ ನೀರಿನ ತೊರೆಗೆ ಹಂಬಲಿಸುತ್ತದೆ. ಹಗಲಿರುಳು ಕಣ್ಣೀರೇ ಊಟವಾದ ಒಬ್ಬ ತನ್ನ ಮನಸ್ಸಿನ ಹತ್ತಿರವೇ, ಯಾಕೆ ಕುಗ್ಗಿದ್ದೀ, ದೇವರನ್ನು ನಿರೀಕ್ಷಿಸು ಅಂತ ಹೇಳಿಕೊಳ್ಳುತ್ತಾನೆ. ಅದೇ ಮಾತು ಅಲ್ಲಿ ಎರಡು ಸಲ, ಮುಂದಿನ ಕೀರ್ತನೆಯಲ್ಲಿ ಮತ್ತೊಮ್ಮೆ ಬರುತ್ತದೆ. ಒಂದು ಸಲ ಹೇಳಿದರೆ ಮನಸ್ಸು ಕೇಳುವುದಿಲ್ಲ ಅಂತ ಅವನಿಗೂ ಗೊತ್ತಿತ್ತು. ಓದಲೂ ಆಗದಿದ್ದರೆ ನಿಮ್ಮ ಸಭೆಯಲ್ಲಿ ಒಬ್ಬರಿಗೆ, ನನ್ನ ಪಾಲಿನದನ್ನು ನೀವು ಮಾಡಿ ಅಂತ ಬಾಯಿ ಬಿಟ್ಟು ಕೇಳಿ. ಮತ್ತೆ ಊಟ ಬಿಡಬೇಡಿ.

ನಮ್ಮವರ ಹೆಸರು ಇನ್ನೂ ಸರತಿಯಲ್ಲಿದೆ. ಈಗ ಅವರು ಮೆಷಿನ್ ಮೇಲೆ ಮಲಗಿಕೊಂಡೇ ಫೋನಿನಲ್ಲಿ ಕೀರ್ತನೆಗಳನ್ನು ಓದುತ್ತಾರೆ. ಸೂಜಿ ಇಲ್ಲದ ಕೈಯಲ್ಲಿ ಫೋನ್ ಹಿಡಿಯಬೇಕು, ಹಾಗಾಗಿ ದೊಡ್ಡ ಅಕ್ಷರ ಮಾಡಿಕೊಟ್ಟಿದ್ದೇನೆ. ಪಕ್ಕದ ಹಾಸಿಗೆಗೆ ಹೊಸಬರು ಬಂದರೆ ಫಿಸ್ಟುಲಾ ಹೇಗೆ ನೋಡಿಕೊಳ್ಳಬೇಕು, ಬಾಯಾರಿಕೆ ತಡೆಯಲು ಐಸ್ ತುಂಡು ಹೇಗೆ ಇಟ್ಟುಕೊಳ್ಳಬೇಕು ಅಂತ ಮೊದಲು ಹೇಳಿಕೊಡುತ್ತಾರೆ. ಅವರಾಗಿ ಕೇಳಿದರೆ ಮಾತ್ರ ದೇವರ ವಿಷಯ. ಹೊರಗೆ ಬೆಂಚಿನಲ್ಲಿ ನಾನು ಅವರ ಮನೆಯವರ ಜೊತೆ ಕೂರುತ್ತೇನೆ. ಹೋದ ವಾರ ಬಂದ ಹುಡುಗಿಯೊಬ್ಬಳು ಒಂದು ಮಾತೂ ಆಡಲಿಲ್ಲ, ನಾನೂ ಆಡಲಿಲ್ಲ. ಮಂಗಳವಾರ ಮತ್ತೆ ಬರುತ್ತಾಳೆ. ಅವಳಿಗೂ ಸೇರಿಸಿ ಗಂಜಿ, ಚಟ್ನಿ ತೆಗೆದುಕೊಂಡು ಹೋಗಬೇಕು ಅಂತಿದ್ದೇನೆ.